ಗೋಮಾಳಕ್ಕೆ ಒಂದು ಸುತ್ತು ಬನ್ನಿ

ಏನ್ರೀ, ಬೆಳಗಿನ ವಾಕಿಂಗು ಇವತ್ತೂ ಟಾರು ರಸ್ತೆಯಲ್ಲೇನಾ? ನಾಳೆ ನನ್ನ ಜೊತೆ ಊರಾಚೆಯ ಗೋಮಾಳಕ್ಕೆ ಬನ್ನಿ. ಉತ್ತರೆ ಮಳೆ ಹದವಾಗಿ ಬಿದ್ದಿದೆ, ಹುಲ್ಲು ಚಿಗುರಿ ನಿಂತಿದೆ. ಬಿಸಿಲೇರೋ ಮುಂಚೆ ಹೋದರೆ ನೋಡೋಕೆ ಎರಡು ಕಣ್ಣು ಸಾಲದು.

ದಾಪುಗಾಲು ಹಾಕೋ ಅಭ್ಯಾಸ ಮಾತ್ರ ಮನೇಲೇ ಬಿಟ್ಟು ಬರಬೇಕು. ವಿಷ್ಣುಕ್ರಾಂತಿಯ ನೀಲಿ ಹೂವು ಒಂದು ಸೆಂಟಿಮೀಟರ್ ಅಗಲವೂ ಇರಲ್ಲ; ಬಗ್ಗಿ ನೋಡದಿದ್ದರೆ ತುಳಿದುಕೊಂಡೇ ಹೋಗ್ತೀವಿ. ತುಂಬೆ ಹೂವನ್ನ ಶಿವನ ಪೂಜೆಗೆ ಕಿತ್ತು ತರೋದು ನಮಗೆ ಗೊತ್ತು. ಒಂದು ಸಲ ಕೀಳದೆ ಅದರ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ. ಜೇನುನೊಣ, ಚಿಟ್ಟೆ, ಇರುವೆ ಒಂದರ ಹಿಂದೆ ಒಂದು ಬರ್ತಾನೇ ಇರುತ್ತವೆ.

ತಂಗಡಿ ಗಿಡದ ಹತ್ತಿರವಂತೂ ನಿಲ್ಲಲೇಬೇಕು. ಅದರ ಹಳದಿ ಹೂವಲ್ಲಿ ಮಕರಂದ ಇಲ್ಲ, ಪರಾಗ ಮಾತ್ರ. ಅದೂ ಕೇಸರದ ಕೊಳವೆಯೊಳಗೆ ಭದ್ರ. ತುದಿಯಲ್ಲಿ ಸಣ್ಣ ತೂತು ಇರುತ್ತೆ ಅಷ್ಟೆ. ದಪ್ಪ ಕರಿದುಂಬಿ ಬಂದು ಕೇಸರವನ್ನ ಕಾಲಲ್ಲಿ ಬಿಗಿಯಾಗಿ ಅವಚಿಕೊಂಡು, ರೆಕ್ಕೆ ಬಡಿಯದೆ ಎದೆಯ ಸ್ನಾಯುಗಳನ್ನ ಅದುರಿಸುತ್ತೆ. ಝುಂಯ್ ಅನ್ನೋ ಸದ್ದು ಕಿವಿಗೇ ಕೇಳುತ್ತೆ. ಆಗ ಜರಡಿಯಿಂದ ಹಿಟ್ಟು ಉದುರಿದ ಹಾಗೆ ಪರಾಗ ದುಂಬಿಯ ಮೈಮೇಲೆ ಸುರಿಯುತ್ತೆ. ಅದೇ ಗಿಡದ ಎಲೆ ತಿಂದುಕೊಂಡು ತಿಳಿಹಳದಿ ಚಿಟ್ಟೆಗಳ ಹಸಿರು ಹುಳುಗಳೂ ಬೆಳೀತಾ ಇರುತ್ತವೆ.

ಈಗ ತಲೆ ಎತ್ತಿ. ಗಂಡು ನೆಲಗುಬ್ಬಿ ಆಕಾಶಕ್ಕೆ ಏರಿ, ರೆಕ್ಕೆ ಮಡಚಿ, ಸಿಳ್ಳೆ ಹಾಕ್ತಾ ನೆಟ್ಟಗೆ ಧುಮುಕುತ್ತೆ. ನೆಲಕ್ಕೆ ಬಿತ್ತು ಅನ್ನೋವಷ್ಟರಲ್ಲಿ ಮತ್ತೆ ಮೇಲೆ! ಕರೆಂಟ್ ತಂತಿ ಮೇಲೆ ಕೂತ ನಮ್ಮ ರಾಜ್ಯಪಕ್ಷಿ ನೀಲಕಂಠ ಮಿಡತೆಗೆ ಎರಗುವಾಗ ರೆಕ್ಕೆ ಬಿಚ್ಚುತ್ತಲ್ಲ, ಆ ನೀಲಿಯನ್ನ ನೀವು ಕಣ್ಣಾರೆ ನೋಡಬೇಕು. ಮೇಯೋ ದನಗಳ ಕಾಲಿನ ಹತ್ತಿರ ಬೆಳ್ಳಕ್ಕಿಗಳು. ದನ ಹೆಜ್ಜೆ ಇಟ್ಟಾಗ ಹಾರೋ ಮಿಡತೆಗಳೇ ಅವಕ್ಕೆ ಊಟ.

ಬೇಸಿಗೆಯಲ್ಲಿ ಬಂದಾಗ ಟಿಟ್ಟಿಭ ನೆತ್ತಿ ಮೇಲೆ ಕೂಗಾಡಿದರೆ ಸುಮ್ಮನೆ ಹಿಂದೆ ಸರೀರಿ. ಹತ್ತಿರದಲ್ಲೇ ಬಟಾಬಯಲಲ್ಲಿ, ಕಲ್ಲುಗಳ ನಡುವೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇರುತ್ತವೆ. ಬಿಸಿಲು ಸುಡುವಾಗ ಈ ಹಕ್ಕಿ ಹೊಟ್ಟೆಯ ಗರಿಗಳನ್ನ ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಗಳನ್ನ ತಂಪಾಗಿಡುತ್ತೆ.

ಈ ಸಂಸಾರಗಳಿಗೆಲ್ಲ ಬಯಲೇ ಬೇಕು ಕಣ್ರೀ. ಗೋಮಾಳದಲ್ಲಿ ಮರ ಇಲ್ಲ ಅಂತ ಒಳ್ಳೇ ಮನಸ್ಸಿನಿಂದಲೇ ಸಸಿ ನೆಡ್ತಾರೆ. ನೆರಳು ಕವಿದರೆ ಬಿಸಿಲು ಬೇಡೋ ಹುಲ್ಲು ಸೊರಗುತ್ತೆ, ನೆಲದಲ್ಲಿ ಗೂಡು ಮಾಡೋ ಹಕ್ಕಿ ಜಾಗ ಖಾಲಿ ಮಾಡುತ್ತೆ, ದನಕ್ಕೂ ಮೇವಿಲ್ಲ. ಕಡೂರು ಕಡೆಯ ಬಾಸೂರು ಅಮೃತಮಹಲ್ ಕಾವಲು ಅನ್ನೋ ಹುಲ್ಲುಗಾವಲನ್ನ 2011ರಲ್ಲಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ದಾರೆ. ಕೃಷ್ಣಮೃಗಗಳಿಗೆ ಅದೊಂದು ಆಸರೆ. ನಮ್ಮೂರಿನ ಗೋಮಾಳಕ್ಕೆ ಅಂಥ ಕಾವಲು ಯಾವುದೂ ಇಲ್ಲ, ನಾವೇ ಕಾಯಬೇಕು.

ವನಮಹೋತ್ಸವದ ಸಸಿಗಳನ್ನ ರಸ್ತೆ ಬದಿಗೆ, ಶಾಲೆ ಅಂಗಳಕ್ಕೆ, ಹೊಲದ ಬದುವಿಗೆ ನೆಡೋಣ. ಗೋಮಾಳವನ್ನ ಹುಲ್ಲಿಗೇ ಬಿಡೋಣ. ಬರೋ ಗ್ರಾಮಸಭೆಯಲ್ಲಿ ನಾನು ಈ ಮಾತು ಎತ್ತುತೀನಿ, ನೀವೂ ಜೊತೆಗೆ ದನಿಗೂಡಿಸಿ.