ಸೂಜಿ ಮರಳಿ ಬರುವ ತನಕ ಕೂಡ್ರಿಸಿಕೊಳ್ಳಿ

ವಿಜಯಪುರದಲ್ಲಿ ಕಸೂತಿ, ಕೌದಿ, ಲಂಬಾಣಿ ಕುಸುರಿಯ ಕಾರ್ಯಾಗಾರ ನಡೆಸುವ ಎಲ್ಲರಿಗೆ ಒಂದು ಬಹಿರಂಗ ಪತ್ರ

ಅಕ್ಕಂದಿರೆ, ಅಣ್ಣಂದಿರೆ,

ನಿಮ್ಮಲ್ಲಿಗೆ ಕಲಿಯಲು ಬರುವ ಹೊಸಬರಲ್ಲಿ ನಾನೂ ಒಬ್ಬಳು. ಮಕ್ಕಳ ಓದು ಮುಗಿದ ಮೇಲೆ ಸೂಜಿ ಹಿಡಿದವಳು. ನಮ್ಮೂರಲ್ಲಿ ಇಂಥದ್ದೊಂದು ಬಾಗಿಲು ತೆರೆದಿರುವ ನಿಮ್ಮ ಮೇಲೆ ನನಗೆ ಗೌರವವಿದೆ. ಅದಕ್ಕೇ ಮನಸ್ಸಿನಲ್ಲಿದ್ದದ್ದನ್ನು ಮುಚ್ಚಿಡದೆ ಬರೆಯುತ್ತಿದ್ದೇನೆ.

ಕಸೂತಿಯ ಗವಂತಿ ಹೊಲಿಗೆಯನ್ನೇ ನೋಡಿ. ಎಳೆ ಎಣಿಸಿ ಒಂದು ಹೊಲಿಗೆ ಮೇಲೆ, ಒಂದು ಕೆಳಗೆ ಹಾಕುತ್ತ ಚಿತ್ತಾರದ ಕೊನೆಗೆ ಹೋಗಬೇಕು. ಬಳಿಕ ಬಂದ ದಾರಿಯಲ್ಲೇ ಮರಳುತ್ತ, ಬಿಟ್ಟ ಸಂದುಗಳನ್ನೆಲ್ಲ ತುಂಬಬೇಕು. ಗಂಟು ಹಾಕುವಂತಿಲ್ಲ. ಬಟ್ಟೆಯ ಎರಡೂ ಬದಿ ಒಂದೇ ತೆರ ಕಾಣಬೇಕು. ಮುರ್ಗಿ ಹೊಲಿಗೆಯದೂ ಅದೇ ನಡೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ. ಕವಲೊಡೆದಲ್ಲಿ ಮೊದಲು ಯಾವ ಕಡೆ ಹೋಗಬೇಕು, ಎಲ್ಲಿ ತಿರುಗಬೇಕು ಎಂಬುದು ಸೂಜಿ ಚುಚ್ಚುವ ಮೊದಲೇ ತಲೆಯಲ್ಲಿ ಕೂತಿರಬೇಕು. ಒಂದು ಎಳೆ ತಪ್ಪಿದರೆ ಗೋಪುರದ ಕಳಸ ನಡುಮಧ್ಯಕ್ಕೆ ಬರುವುದಿಲ್ಲ. ಕಸೂತಿಯ ಜೀವ ಈ ಲೆಕ್ಕದಲ್ಲಿದೆ. ಅರ್ಧ ದಿನದ ಕಾರ್ಯಾಗಾರದಲ್ಲಿ ಹೊಸ ಕೈ ಹೋಗುವ ದಾರಿಯನ್ನಷ್ಟೇ ಮುಗಿಸುತ್ತದೆ. ಮರಳುವ ಹೊತ್ತಿಗೆ ಪ್ರಮಾಣಪತ್ರ ಕೊಡಲು ಕರೆಯುತ್ತೀರಿ.

ದಯವಿಟ್ಟು ದಿನಗಳನ್ನು ಹೆಚ್ಚಿಸಿ. ಬಟ್ಟೆಯ ಮೇಲೆ ಗೆರೆ ಅಚ್ಚು ಹಾಕಿ ಕೊಡುವುದನ್ನೂ ಬಿಡಿ. ಗೆರೆ ಇದ್ದರೆ ಕಣ್ಣು ಎಣಿಸುವುದಿಲ್ಲ. ಮೊದಲು ಮ್ಯಾಟಿ ಬಟ್ಟೆ ಕೊಡಿ, ಎಣಿಕೆ ಕೂತ ಮೇಲೆ ಇಳಕಲ್ ಸೀರೆಯ ಹತ್ತಿಯ ಒಡಲು ಕೊಡಿ. 1997ರ ತನಕ ಇಳಕಲ್ ನಮ್ಮ ಜಿಲ್ಲೆಯದೇ ಊರಾಗಿತ್ತು. ಕರಿ ಚಂದ್ರಕಾಳಿ ಸೀರೆಯ ಸೆರಗಿಗೆ ತೇರು, ಆನೆ, ತುಳಸಿಕಟ್ಟೆ ಏರಿಸಿದ ಕೈಗಳು ಬಟ್ಟೆಯ ಎಳೆಗಳನ್ನೇ ಅಳತೆಪಟ್ಟಿ ಮಾಡಿಕೊಂಡಿದ್ದವು. ಕಲಿತವರ ಕೆಲಸವನ್ನು ಒರೆಗೆ ಹಚ್ಚುವಾಗ ಬಟ್ಟೆಯ ಹಿಂಬದಿಯನ್ನು ಮೊದಲು ನೋಡಿ.

ಇನ್ನೊಂದು ಮಾತು. ಹೊಸಬರನ್ನು ಕಸೂತಿಗೆ ಕೂಡ್ರಿಸುವ ಮುಂಚೆ ಕೌದಿಗೆ ಕೂಡ್ರಿಸಿ. ಬೇಕಾದದ್ದು ಹಳೆ ಸೀರೆ, ಹಳೆ ಧೋತರ, ದಪ್ಪ ಸೂಜಿ, ಗಟ್ಟಿ ದಾರ. ಪದರಗಳನ್ನು ಸುಕ್ಕಿಲ್ಲದೆ ಹಾಸಿ, ಸೂಜಿ ಎಲ್ಲ ಪದರ ಹಿಡಿಯುವಂತೆ ಸಾಲು ಹಾಕಬೇಕು. ದಾರ ಸಡಿಲವಾದರೆ ಒಗೆದಾಗ ಒಳಗಿನ ಬಟ್ಟೆ ಮುದ್ದೆಯಾಗುತ್ತದೆ, ಬಿಗಿಯಾದರೆ ಕೌದಿ ಸೊಟ್ಟಗಾಗುತ್ತದೆ. ಕೈಗೆ ಹದ ಕಲಿಸಲು ಇದಕ್ಕಿಂತ ಒಳ್ಳೆಯ ಪಾಠ ನಾನು ಕಂಡಿಲ್ಲ. ನಾಲ್ಕು ಬದಿಗೆ ನಾಲ್ವರು ಕೂತರೆ ಬಲ್ಲವರ ಸಾಲು ಪಕ್ಕದಲ್ಲೇ ಕಾಣುತ್ತದೆ. ಬಬಲೇಶ್ವರದಲ್ಲಿ, ಟಿಕೋಟಾದಲ್ಲಿ ಈಗಲೂ ಕೌದಿ ಹಾಕುವ ಆಯಿಗಳಿದ್ದಾರೆ. ಅವರನ್ನು ಪ್ರದರ್ಶನಕ್ಕೆ ಕೂಡ್ರಿಸಿ ಹಾರ ಹಾಕಿ ಕಳಿಸಬೇಡಿ. ಗುರುಗಳ ಜಾಗದಲ್ಲಿ ಕೂಡ್ರಿಸಿ, ಗುರುಗಳಿಗೆ ಕೊಡುವ ಸಂಭಾವನೆಯನ್ನೇ ಕೊಡಿ.

ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳ ವಿಷಯವೂ ಇದೇ. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಅಲ್ಲಿ ಆ ಕೈಕೆಲಸದಿಂದ ಗಳಿಸುವ ಮಹಿಳೆಯರಿದ್ದಾರೆ. ನಮ್ಮ ಜಿಲ್ಲೆಯ ತಾಂಡಾಗಳಲ್ಲೂ ಫೇಟಿಯಾ ಲಂಗಕ್ಕೆ, ಕಾಂಚಳಿ ರವಿಕೆಗೆ ಕನ್ನಡಿ ಕೂಡ್ರಿಸಿ, ಕವಡೆ ಪೋಣಿಸಬಲ್ಲ ಹಿರಿಯರಿದ್ದಾರೆ. ಅವರ ಸೊಸೆಯಂದಿರು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕೂಲಿಗೆ ಗೋವಾಕ್ಕೆ ಗುಳೆ ಹೋಗುತ್ತಾರೆ. ಅತ್ತೆಯ ಪಕ್ಕ ಕೂತು ಕಲಿಯಬೇಕಾದವಳು ಊರಲ್ಲೇ ಇರುವುದಿಲ್ಲ. ಒಂದು ದಿನ ಕಲಿಸಿದ್ದಕ್ಕೆ ಸಿಗುವ ಹಣ ಒಂದು ದಿನದ ಕೂಲಿಗಿಂತ ಕಡಿಮೆಯಾದರೆ ಯಾವ ತಾಯಿಯಾದರೂ ಯಾಕೆ ಬರಬೇಕು?

ಹೀಗಾಗಿ ದಿನಾಂಕ ಗೊತ್ತುಮಾಡುವಾಗ ಸಭಾಂಗಣ ಖಾಲಿ ಇದೆಯೇ ಎಂಬುದಕ್ಕಿಂತ ಮೊದಲು ಕಲಿಸುವವರ ಕೈ ಖಾಲಿ ಇದೆಯೇ ಕೇಳಿ. ಬಿಳಿಜೋಳದ ರಾಶಿಯ ದಿನಗಳಲ್ಲಿ, ಟಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಕೊಯ್ಲು, ಬಳ್ಳಿ ಕತ್ತರಿಸುವ ಚಾಟ್ನಿ ನಡೆದಿರುವಾಗ ಯಾರೂ ಸಿಗುವುದಿಲ್ಲ. ಬಸವ ಜಯಂತಿಯಿಂದ ಕಾರಹುಣ್ಣಿಮೆಯ ತನಕ ಸುಮಾರು 6 ವಾರ ಸಿಗುತ್ತವೆ. ಗುಳೆ ಹೋದವರು ಅಷ್ಟರಲ್ಲಿ ತಾಂಡಾಕ್ಕೆ ಮರಳಿರುತ್ತಾರೆ, ಬಿತ್ತನೆ ಇನ್ನೂ ಶುರುವಾಗಿರುವುದಿಲ್ಲ. ಬೇಸಿಗೆಯಲ್ಲೇ ಮನೆಮನೆಗಳಲ್ಲಿ ಹಳೆ ಬಟ್ಟೆಯ ಗಂಟು ಬಿಚ್ಚಿ ಕೌದಿಗೆ ಕೂಡುವ ರೂಢಿಯೂ ಇದೆ. ಬಿಸಿಲು ಜಾಸ್ತಿ, ನಿಜ. ಬೆಳಿಗ್ಗೆ 7ರಿಂದ 10ರ ತನಕ ನಡೆಸಿದರೆ ಸಾಕು.

ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದವರನ್ನೂ ಕೇಳಿಕೊಳ್ಳುತ್ತೇನೆ: ಆ 6 ವಾರಗಳಲ್ಲಿ ಒಂದು ಕೋಣೆ ಕೊಡಿ. ಅಥಣಿ ರಸ್ತೆಯಲ್ಲೇ ಇರುವುದರಿಂದ ಟಿಕೋಟಾ ಕಡೆಯವರಿಗೆ ಒಂದೇ ಬಸ್ಸು. ಬಬಲೇಶ್ವರದ್ದು ಜಮಖಂಡಿ ರಸ್ತೆ. ಅಲ್ಲಿಯವರನ್ನು ನಗರಕ್ಕೆ ಬಂದು ಬಸ್ಸು ಬದಲಿಸುವಂತೆ ಮಾಡದೆ ಅವರ ಊರಲ್ಲೇ ಬೇರೆ ತಂಡ ಕಟ್ಟಿ. ಹಳೆ ಸೀರೆಗಳನ್ನು ನಾವೇ ತರುತ್ತೇವೆ. ಕಲಿಸುವವರಿಗೆ ಸರಿಯಾದ ಸಂಭಾವನೆ ಕೊಡಲು ಶುಲ್ಕ ಹೆಚ್ಚಿಸಬೇಕಾದರೆ ಹೆಚ್ಚಿಸಿ, ಎಷ್ಟು ಎಂದು ಯುಗಾದಿಗೆ ಮುಂಚೆ ಹೇಳಿದರೆ ತಿಂಗಳ ಖರ್ಚಿನಲ್ಲಿ ತೆಗೆದಿಡಲು ನಮಗೆ ಅನುಕೂಲ.

ಇಂತಿ,
ವಿಜಯಪುರದ ಒಬ್ಬ ಕಲಿಯುವವಳು