ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ

ನಮ್ಮ ಸೋದರಮಾವ ಕಂದಾಯ ಇಲಾಖೆಯಿಂದ ನಿವೃತ್ತರಾದರು. ಕಂದಾಯ ಇಲಾಖೆ ಮಾತ್ರ ಅವರಿಂದ ನಿವೃತ್ತವಾಗಿಲ್ಲ. ಬಂಧುಬಳಗದ ಮೇಲಿಂಗ್ ಲಿಸ್ಟಿಗೆ ಅವರು ಕಳಿಸುವ ಇಮೇಲಿನ ವಿಷಯ ಹೀಗಿರುತ್ತದೆ: 'ಅಜ್ಜಿಯವರ ವಾರ್ಷಿಕ ಶ್ರಾದ್ಧಕ್ಕೆ ಸಕುಟುಂಬ ಆಗಮಿಸುವ ಹಾಗೂ ಬರಲಾಗದವರು ಸಕಾರಣ ವಿವರಣೆ ನೀಡುವ ಕುರಿತು.' ಒಳಗೆ 'ಮೇಲಿನ ವಿಷಯಕ್ಕೆ ಸಂಬಂಧಿಸಿದಂತೆ' ಎಂದಷ್ಟೇ ಇದ್ದು, ಕೆಳಗೆ ಅವರ ಹೆಸರು.

ಇಷ್ಟುದ್ದದ ವಿಷಯವನ್ನು ಇಮೇಲ್ ಒಂದೇ ಸಾಲಿನಲ್ಲಿ ಹೊರುವುದಿಲ್ಲ. ಸಾಲೊಂದು 998 ಅಕ್ಷರ ಮೀರಕೂಡದು, 78ರೊಳಗಿದ್ದರೆ ಕ್ಷೇಮ ಎನ್ನುತ್ತದೆ ಇಮೇಲಿನ ನಿಯಮಾವಳಿ ಆರ್‌ಎಫ್‌ಸಿ 5322. ಉದ್ದವಾದರೆ ಮಡಿಚಿ, ಮುಂದಿನ ಸಾಲನ್ನು ಒಂದು ಸ್ಪೇಸ್ ಅಥವಾ ಟ್ಯಾಬ್‌ನಿಂದ ಶುರುಮಾಡಬೇಕು. ಇದು ಹೊಸ ಹೆಡರ್ ಅಲ್ಲ, ಮೇಲಿನದರ ಬಾಲ ಎಂದು ತಿಳಿಯುವುದು ಅದರಿಂದಲೇ. ಬಿಡಿಸುವಾಗ ಸಾಲಿನ ಮುರಿತವನ್ನಷ್ಟೇ ತೆಗೆಯಬೇಕು, ಸ್ಪೇಸನ್ನು ಮುಟ್ಟುವಂತಿಲ್ಲ.

ಇಂಗ್ಲಿಷಿಗೆ ಇಷ್ಟು ಸಾಕು. ಕನ್ನಡ ಮಾತ್ರ ಸಾಮಾನ್ಯವಾಗಿ ಆಸ್ಕಿ ಎಂಬ ಇಂಗ್ಲಿಷ್ ಲಿಪಿಸಂಕೇತದ ವೇಷ ಕಟ್ಟಿಕೊಂಡೇ ಬರುತ್ತದೆ. 1996ರ ಆರ್‌ಎಫ್‌ಸಿ 2047ರ ಪ್ರಕಾರ ವೇಷದ ಒಂದೊಂದು ತುಂಡಿಗೂ 75 ಅಕ್ಷರದ ಮಿತಿ. ಯುಟಿಎಫ್-8, ಬೇಸ್64 ಎಂಬ ಎರಡು ಸಂಕೇತೀಕರಣದ ಕಟ್ಟೆ ದಾಟುವಷ್ಟರಲ್ಲಿ ಅದರಲ್ಲಿ ಹಿಡಿಸುವುದು 15 ಕನ್ನಡ ಸಂಕೇತ. 'ಶ್ರಾದ್ಧ' ನಮಗೆ ಎರಡಕ್ಷರ, ಯೂನಿಕೋಡಿಗೆ ಏಳು. ನಡುವೆ ಸ್ಪೇಸ್ ಬಿಟ್ಟು ಎರಡು ಶ್ರಾದ್ಧ ಮುಗಿಸಿದರೆ ತುಂಡು ಭರ್ತಿ.

ಮಜಾ ಏನೆಂದರೆ, ಇಲ್ಲಿ ಬಿಡಿಸುವ ನಿಯಮ ಉಲ್ಟಾ. ಎರಡು ತುಂಡುಗಳ ನಡುವಿನ ಸ್ಪೇಸನ್ನು ನುಂಗಲೇಬೇಕು. ನುಂಗಲು ಮರೆತ ತಂತ್ರಾಂಶದ ಕೈಗೆ ಸಿಕ್ಕರೆ ಶ್ರಾದ್ಧವು 'ಶ್ರಾ ದ್ಧ' ಆಗುತ್ತದೆ. ಸಕುಟುಂಬದಲ್ಲಿ ಕುಟುಂಬವೇ ಒಡೆಯುತ್ತದೆ.

ಮೇಲಿಂಗ್ ಲಿಸ್ಟಿನ ತಂತ್ರಾಂಶವಾದರೂ ಬಂದದ್ದನ್ನು ಬಂದ ಹಾಗೆ ಮುಂದಕ್ಕೆ ಕಳಿಸುತ್ತದೆಯೇ? ವಿಷಯದ ಮುಂದೆ ಚೌಕ ಕಂಸದಲ್ಲಿ ಬಳಗದ ಹೆಸರು ಅಂಟಿಸುವುದು ಅದರ ಚಪಲ. ಅದಕ್ಕಾಗಿ ಮಡಿಕೆ ಬಿಡಿಸಿ, ವೇಷ ಕಳಚಿ, ಹೆಸರು ಸೇರಿಸಿ, ಮತ್ತೆ ವೇಷ ಕಟ್ಟಿ, ಮತ್ತೆ ಮಡಿಚಬೇಕು. ಇಂಥ ತಂತ್ರಾಂಶಗಳಲ್ಲೊಂದಾದ ಮೇಲ್‌ಮ್ಯಾನ್ ನಂಬಿಕೊಂಡಿದ್ದ ಪೈಥಾನಿನ ಹಳೆಯ ಇಮೇಲ್ ಲೈಬ್ರರಿ ಮಡಿಕೆಯಲ್ಲಿ ಸ್ಪೇಸ್ ಬದಲು ಟ್ಯಾಬ್ ಇಡುತ್ತಿತ್ತು. ಓದುವವರಿಗೆ ವಿಷಯದ ನಡುವೆ ಕಾರಣವಿಲ್ಲದ ಬಯಲು.

ಇಷ್ಟೇ ಆಗಿದ್ದರೆ ಮಾವ ಸಹಿಸುತ್ತಿದ್ದರು. ಆದರೆ ಕಳಿಸುವ ಸರ್ವರ್ ವಿಷಯವನ್ನೂ ಸೇರಿಸಿ ಡಿಕಿಮ್ ಎಂಬ ಸಹಿ ಹಾಕಿರುತ್ತದೆ. ಆಮೇಲೆ ಅಲ್ಲಿ ಬಳಗದ ಹೆಸರು ಸೇರಿತೋ, ಸಹಿ ಅಸಿಂಧು. ಕಟ್ಟುನಿಟ್ಟಿನ 'ಸಿಂಪಲ್' ಪದ್ಧತಿಯಲ್ಲಂತೂ ಮಡಿಕೆ ಜರುಗಿದರೂ ಸಾಕು, ಅಸಿಂಧು. ಮಾವನ ಪತ್ರ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವುದು ಹೀಗೆ.

ಇದನ್ನು ವಿವರಿಸಿದಾಗ ಮಾವ ಕನ್ನಡಕ ಸರಿಮಾಡಿಕೊಂಡು ಒಂದೇ ಪ್ರಶ್ನೆ ಕೇಳಿದರು: "ತಿದ್ದಿದವನು ಪಕ್ಕದಲ್ಲಿ ಕಿರುಸಹಿ ಹಾಕಿದಾನೇನೋ?"

ಇಂಟರ್ನೆಟ್ಟಿನ ಘಟಾನುಘಟಿಗಳಿಗೂ ಕಡೆಗೆ ಹೊಳೆದದ್ದು ಅದೇ. ನಡುವೆ ಕೈಹಾಕಿದವರು, ತಮ್ಮ ಕೈಗೆ ಬಂದಾಗ ಪತ್ರ ಹೇಗಿತ್ತೆಂದು ಬರೆದು ಸಹಿ ಹಾಕುವ ಆರ್ಕ್ ಪದ್ಧತಿ 2019ರಲ್ಲಿ ಪ್ರಕಟವಾಯಿತು. ನಮ್ಮ ಯಾವುದೇ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿದ್ದರೆ ಮಧ್ಯಾಹ್ನದ ಊಟದೊಳಗೆ ಹೇಳುತ್ತಿದ್ದರು. ಊಟದ ನಂತರವಾದರೆ, ನಾಳೆ ಬನ್ನಿ ಎನ್ನುತ್ತಿದ್ದರು.