ಗಾಳಿಯ ಕೂರಿಗೆ

"ಅಲ್ದಾ ಭಾವಾ, ಕೆನಡಾದಲ್ಲಿ ಗಾಳಿಲಿ ಬಿತ್ತದಡ!"

ಆಚೆಮನೆ ಭಾವ ಬೇಲಿಯ ಉಣಗೋಲಿಗೆ ಮೊಣಕೈ ಊರಿ ಇಷ್ಟು ಹೇಳಿದನೆಂದರೆ ಈಚೆ ನಿಂತವನ ಕೆಲಸ ಅಲ್ಲಿಗೆ ಮುಗಿದಂತೆ. ಬಾಯಲ್ಲಿ ಕವಳ, ಕೈಯಲ್ಲಿ ಮೊಬೈಲು. ಈ ಎರಡೂ ಒಟ್ಟಿಗಿರುವ ಮನುಷ್ಯನ ಕೈಯಿಂದ ತಪ್ಪಿಸಿಕೊಂಡವರು ನಮ್ಮ ಮಂಚಿಕೇರಿ ಸೀಮೆಯಲ್ಲಿ ಇಲ್ಲ. ಅವನ ತಂಗಿಯ ಮಗ ಸಸ್ಕಾಚೆವಾನ್ ಪ್ರಾಂತ್ಯದ ಒಂದು ದೊಡ್ಡ ಜಮೀನಿನಲ್ಲಿ ಯಂತ್ರ ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಮೇ ತಿಂಗಳೆಂದರೆ ಅಲ್ಲಿ ಹಿಮ ಕರಗಿ ಬಿತ್ತನೆಯ ಗಡಿಬಿಡಿ. ಇಲ್ಲಿ ನಮಗೆ ಮಳೆ ಹಿಡಿಯುವುದರೊಳಗೆ ಕಟ್ಟಿಗೆ ಒಳಗೆ ಹಾಕುವ ಗಡಿಬಿಡಿ. ಅಷ್ಟರ ನಡುವೆ ಹುಡುಗ ವಿಡಿಯೋ ಕಳಿಸಿದ್ದಾನೆ.

ನೋಡಿದೆ. ಒಂದು ಟ್ರ್ಯಾಕ್ಟರು, ಅದರ ಹಿಂದೆ ರೆಕ್ಕೆ ಬಿಚ್ಚಿದ ಕಬ್ಬಿಣದ ಚೌಕಟ್ಟು, ಅದಕ್ಕೂ ಹಿಂದೆ ಚಕ್ರದ ಮೇಲೆ ಟ್ಯಾಂಕು. ಟ್ಯಾಂಕಿನಲ್ಲಿ ಖಾನೆಗಳು, ಒಂದರಲ್ಲಿ ಬೀಜ, ಉಳಿದದ್ದರಲ್ಲಿ ಗೊಬ್ಬರ. ಕೆಳಗೆ ತಿರುಗುವ ರೋಲರು ಕಾಳನ್ನು ಅಳೆದು ಬಿಡುತ್ತದೆ, ಫ್ಯಾನಿನ ಗಾಳಿ ಅದನ್ನು ಪೈಪಿನಲ್ಲಿ ದೂಡಿಕೊಂಡು ಹೋಗುತ್ತದೆ, ನೆಟ್ಟಗೆ ನಿಂತ ಒಂದು ಕೊಳವೆಯ ತುದಿಯಲ್ಲಿ ಅದು ಹತ್ತಾರು ಸಣ್ಣ ಪೈಪುಗಳಿಗೆ ಒಡೆದು ನೆಲ ಸೀಳುವ ಒಂದೊಂದು ತಾಳಿಗೆ ಇಳಿಯುತ್ತದೆ. ಹಿಂದಿನಿಂದ ಸಣ್ಣ ಗಾಲಿಗಳು ಸಾಲಿನ ಮೇಲೆ ಉರುಳಿ ಮಣ್ಣು ಒತ್ತುತ್ತವೆ. ಏರ್ ಡ್ರಿಲ್ ಅನ್ನುತ್ತಾರಂತೆ.

"ನಮ್ಮನೆ ಮಕ್ಕಿಗದ್ದೆಗೂ ಒಂದು ತಂದ್ರೆ ಎಂತ ಆಗ್ತು?"

ಅದರ ಅಗಲವೇ 70 ಅಡಿ. ಭಾವನ ಮಕ್ಕಿಗದ್ದೆಯೊಳಗೆ ಅದು ಹೇಗಾದರೂ ಹೊಕ್ಕಿತು ಅಂತಲೇ ಇಟ್ಟುಕೊಳ್ಳಿ, ತಿರುಗಿಸಿ ಹೊರಗೆ ತರುವುದಕ್ಕೆ ಸೊಪ್ಪಿನ ಬೆಟ್ಟ ಕಡಿಯಬೇಕು, ಅರಣ್ಯ ಇಲಾಖೆಯವರಿಗೆ ಉತ್ತರ ಕೊಡಬೇಕು. ಅಲ್ಲಿಯವರು ಗಂಟೆಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ಎಳೆದರೂ, ತಿರುವು, ತುಂಬಿಸುವ ಹೊತ್ತು ಎಲ್ಲ ಕಳೆದು, ತಾಸಿಗೆ 30 ಎಕರೆ ಮುಗಿಸುತ್ತಾರೆ. ಮುಂಡಗೋಡ, ಹಾನಗಲ್ಲಿನ ಕಡೆ ಒಂದು ಕೂರಿಗೆ ಹೊಲ ಅಂದರೆ ನಾಲ್ಕು ಎಕರೆ, ಜೋಡೆತ್ತಿಗೆ ಅದು ಇಡೀ ದಿನದ ಕೆಲಸ.

ಬಿತ್ತುವುದು ಕೆನೋಲಾ. ಸಾಸಿವೆಯ ದಾಯಾದಿ, ನೋಡಲೂ ಅದೇ ಗುಂಡಗಿನ ಕಪ್ಪು ಕಾಳು. ಮ್ಯಾನಿಟೋಬಾ ವಿಶ್ವವಿದ್ಯಾಲಯದ ಬಾಲ್ಡರ್ ಸ್ಟೆಫಾನ್ಸನ್ ಮತ್ತು ಸಸ್ಕಾಟೂನಿನ ಕೀತ್ ಡೌನಿ ಎಂಬಿಬ್ಬರು ರೇಪ್ ಸಾಸಿವೆಯಲ್ಲಿದ್ದ ಎರುಸಿಕ್ ಆಮ್ಲವನ್ನು ಇಳಿಸುತ್ತ ಇಳಿಸುತ್ತ, ಹಿಂಡಿಯ ಘಾಟನ್ನೂ ತೆಗೆದು, ಅಡುಗೆಗೂ ದನಕ್ಕೂ ಆಗುವಂತೆ ಮಾಡಿದರು. ಅಂಥ ಮೊದಲ ತಳಿ ಬಂದದ್ದು 1974ರಲ್ಲಿ. ನಾನಿದನ್ನು ಗಂಭೀರವಾಗಿ ಹೇಳುತ್ತಿರುವಾಗಲೇ ಅತ್ತಿಗೆ ಅವರ ಅಂಗಳದಿಂದ ಕೂಗಿ ಕೇಳಿದರು, "ಅದ್ನ ಒಗ್ಗರಣೆಗೆ ಹಾಕಿರೆ ಚಟಪಟ ಹೇಳ್ತನಾ?" ಇದಕ್ಕೆ ಉತ್ತರ ಹುಡುಗನೇ ಕೊಡಬೇಕು.

ಸಾವಿರ ಕಾಳು ತೂಗಿದರೆ ಮೂರರಿಂದ ಆರು ಗ್ರಾಂ. ಎಕರೆಗೆ ಬೇಕಾದ್ದು ಎರಡು, ಎರಡೂವರೆ ಕಿಲೋ. ಇಷ್ಟು ಚೂರು ಬೀಜವನ್ನು ಇಷ್ಟು ದೊಡ್ಡ ಯಂತ್ರ ಬಿತ್ತಬೇಕು, ಅದೂ ಅರ್ಧ ಅಂಗುಲದಿಂದ ಒಂದು ಅಂಗುಲದೊಳಗೆ. ಅದಕ್ಕಿಂತ ಆಳಕ್ಕೆ ಹೋದರೆ ಮೊಳಕೆ ಮೇಲೆ ಬರುವುದರೊಳಗೆ ಬೀಜದಲ್ಲಿದ್ದ ಕಸುವು ತೀರಿಹೋಗುತ್ತದೆ. ಮೇಲಾದರೆ ಮಣ್ಣು ಒಣಗಿ ಹುಟ್ಟುವುದೇ ಇಲ್ಲ. ಹಾಗಾಗಿ ಯಂತ್ರ ಹೊಲಕ್ಕಿಳಿಯುವ ಮೊದಲು ಅಂಗಳದಲ್ಲೇ ಅದರ ಸೇವೆ ನಡೆಯುತ್ತದೆ. ಟೈರುಗಳ ಗಾಳಿ ಸಮ ಇದೆಯೇ, ಚೌಕಟ್ಟು ಹಿಂದೆ ಮುಂದೆ ಎಡಕ್ಕೆ ಬಲಕ್ಕೆ ಮಟ್ಟವಾಗಿದೆಯೇ, ಯಾವ ತಾಳಿನ ತುದಿ ಸವೆದಿದೆ, ಯಾವ ಪೈಪಿನಲ್ಲಿ ಇಲಿ ಗೂಡು ಕಟ್ಟಿದೆ. ಒಂದು ಟೈರು ಸ್ವಲ್ಪ ಕುಗ್ಗಿದ್ದರೂ ಆ ಬದಿಯ ಸಾಲೆಲ್ಲ ಆಳ ಹೋಗುತ್ತದೆ. ಬೆಳೆ ಹುಟ್ಟಿದಾಗ ಹೊಲದ ತುಂಬ ಪಟ್ಟೆ ಪಟ್ಟೆ, ದಾರಿಯಲ್ಲಿ ಹೋಗುವವರೆಲ್ಲ ನೋಡಿ ನಗುವ ಹಾಗೆ.

ಎಲ್ಲಕ್ಕಿಂತ ನಾಜೂಕಿನ ಸಂಗತಿ ಗಾಳಿಯದು. ಫ್ಯಾನು ಜೋರಾದರೆ ಕಾಳು ಪೈಪಿನ ಗೋಡೆಗೆ ಬಡಿದು ಸೀಳುತ್ತದೆ, ಇಲ್ಲವೇ ಸಾಲಿಗೆ ಬಿದ್ದದ್ದು ಪುಟಿದು ಮೇಲೆ ಹಾರುತ್ತದೆ. ಮೆತ್ತಗಾದರೆ ಗೊಬ್ಬರ ಪೈಪಿನ ತಿರುವಿನಲ್ಲಿ ಕೂತು ಕಟ್ಟಿಕೊಳ್ಳುತ್ತದೆ. ಭಾರದ ಗೊಬ್ಬರಕ್ಕೆ ಹೆಚ್ಚು ಗಾಳಿ ಬೇಕು, ಹಗುರದ ಬೀಜಕ್ಕೆ ಕಡಿಮೆ ಸಾಕು. ಎರಡೂ ಒಂದೇ ಗಾಳಿಯಲ್ಲಿ ಹೋಗುವ ಯಂತ್ರವಾದರೆ ಗೊಬ್ಬರ ಕಟ್ಟಿಕೊಳ್ಳದಷ್ಟೂ ಬೀಜ ಒಡೆಯದಷ್ಟೂ ಇರುವ ಸಂದಿನಲ್ಲೇ ಅದನ್ನು ನಿಲ್ಲಿಸಬೇಕು. ಯಕ್ಷಗಾನದ ಭಾಗವತನಿಗೆ ಗೊತ್ತಿರುವಂಥ ಹದ ಅದು.

ಗೊಬ್ಬರದ ಪಂಚಾಯ್ತಿಯೇ ಬೇರೆ. ಕೆನೋಲಾ ಬೀಜದ ಜೊತೆ ಯೂರಿಯಾ ಸೇರಿದರೆ ಮೊಳಕೆ ಸುಟ್ಟೇ ಹೋಗುತ್ತದೆ. ರಂಜಕ ಸ್ವಲ್ಪ ಆದೀತು, ಅದೂ ಮಿತಿಯಲ್ಲಿ. ಆದ್ದರಿಂದ ತಾಳಿಗೇ ಎರಡು ಬಾಯಿ ಇಟ್ಟಿರುತ್ತಾರೆ. ಬೀಜ ಒಂದು ಕಡೆ, ಗೊಬ್ಬರ ಅದರ ಪಕ್ಕಕ್ಕೆ, ತುಸು ಕೆಳಕ್ಕೆ. ಬೇರು ಇಳಿಯುತ್ತ ಹೋಗಿ ತಾನೇ ಹುಡುಕಿಕೊಳ್ಳಲಿ ಅಂತ. "ಹಂಗಾರೆ ನಮ್ಮ ಬದಿಯವು ಡಿಎಪಿನೂ ಭತ್ತನೂ ಒಟ್ಟಿಗೇ ಸುರಿತ್ವಲ, ಅದು?" ಅಂದ ಭಾವ. ಭತ್ತ ಅಷ್ಟೊಂದು ಸಂಕೋಚದ್ದಲ್ಲ, ತಡೆದುಕೊಳ್ಳುತ್ತದೆ. ಆದರೂ ಗೊಬ್ಬರ ಎರಡಂಗುಲ ಬದಿಗೆ, ಎರಡಂಗುಲ ಕೆಳಗೆ ಬಿದ್ದರೆ ಒಳ್ಳೆಯದು.

ಈ ಕೆಲಸಕ್ಕೆ ಸಸ್ಕಾಚೆವಾನಿಗೇ ಹೋಗಬೇಕಾಗಿಲ್ಲ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ್ ಟ್ರ್ಯಾಕ್ಟರಿಗೆ ಕಟ್ಟುವ ಬೀಜ-ಗೊಬ್ಬರದ ಕೂರಿಗೆ ಮಾಡಿ ಎಷ್ಟೋ ವರ್ಷವಾಯಿತು, 2022ರಲ್ಲಿ ಪದ್ಮಶ್ರೀಯೂ ಬಂತು. ಅವರ ಮೊದಲ ಸಂಶೋಧನೆ ಮಾತ್ರ ನನಗೆ ಬಹಳ ಇಷ್ಟ. ಬೆಳಿಗ್ಗೆ ಏಳಲು ಕಷ್ಟ ಅಂತ ಅಲಾರಂ ಗಡಿಯಾರದ ಕೀಲಿಗೆ ದಾರ ಕಟ್ಟಿ, ಇನ್ನೊಂದು ತುದಿಯನ್ನು ನೀರಿನ ಬಾಟಲಿಗೆ ಕಟ್ಟಿದ್ದರು. ಗಡಿಯಾರ ಹೊಡೆದ ಕೂಡಲೇ ನೀರು ಮುಖದ ಮೇಲೆ! ಇದನ್ನು ಕೇಳಿ ಭಾವ ತನ್ನ ಮಗನ ಮಂಚದ ಕಡೆ ಒಮ್ಮೆ ಅರ್ಥಗರ್ಭಿತವಾಗಿ ನೋಡಿದ.

ಹಳೆಯ ಎತ್ತಿನ ಕೂರಿಗೆಯನ್ನು ಮುಂಡಗೋಡದ ಬಯಲಲ್ಲಿ ನಾನು ಹತ್ತಿರದಿಂದ ನೋಡಿದ್ದೇನೆ. ಮೇ ಕೊನೆಯಲ್ಲಿ ಅಡ್ಡಮಳೆ ಬಿದ್ದು ನೆಲ ಹದವಾದಾಗ ಒಣಬಿತ್ತನೆಯ ಭತ್ತ. ದಿಂಡಿಗೆ ಮೂರು ತಾಳು, ಮೂರಕ್ಕೂ ಬಿದಿರ ಕೊಳವೆ, ಮೇಲೆ ಒಂದು ಮರದ ಬಟ್ಟಲು. ಉಡಿಯಲ್ಲಿ ಬೀಜ ಕಟ್ಟಿಕೊಂಡ ಹೆಂಗಸು ಹಿಂದಿನಿಂದ ನಡೆಯುತ್ತ ಮುಷ್ಟಿಯ ಕಿರುಬೆರಳಿನ ಬದಿಯಿಂದ ಕಾಳು ಬಿಡುತ್ತಾಳೆ. ಎತ್ತು ಬೇಗ ನಡೆದರೆ ಅವಳ ಬೆರಳೂ ಬೇಗ. ಮಾತಾಡುತ್ತಲೇ ಇರುತ್ತಾಳೆ, ಆದರೆ ಕಣ್ಣು ಬಟ್ಟಲಿನ ಮೂರು ತೂತಿನ ಮೇಲೆ. ಒಂದು ಕಟ್ಟಿಕೊಂಡರೆ "ಏ ನಿಲ್ಸೋ" ಅಂತ ಅಲ್ಲೇ ಕೂಗು. ಆಳ ಹೆಚ್ಚಾದರೆ ನೊಗದ ಮಿಣಿ ಬಿಚ್ಚಿ ಮತ್ತೆ ಕಟ್ಟುವುದು, ಅಷ್ಟೇ ಸೆಟ್ಟಿಂಗು. ಕೆನಡಾದವರಿಗೆ ಎಪ್ಪತ್ತು ತಾಳಿನ ಮೇಲೆ ಕಣ್ಣಿಡುವುದು ಹೇಗೆ? ಪೈಪಿಗೊಂದರಂತೆ ಸೆನ್ಸರ್ ಕೂರಿಸುತ್ತಾರೆ, ಕಟ್ಟಿದರೆ ಡ್ರೈವರನ ಮುಂದೆ ಪರದೆಯಲ್ಲಿ ಕೆಂಪು ಮಿನುಗುತ್ತದೆ.

ಆದರೆ ಆಳದ ವಿಷಯಕ್ಕೆ ಬಂದರೆ ಯಂತ್ರದ ಮೇಲೆ ಅವರಿಗೂ ಪೂರ್ತಿ ಭರವಸೆ ಇದ್ದಂತಿಲ್ಲ. ವಿಡಿಯೋದ ಕೊನೆಯಲ್ಲಿ ಭಾವನ ಸೋದರಳಿಯ ಟ್ರ್ಯಾಕ್ಟರಿನಿಂದ ಇಳಿದು, ಮೊಣಕಾಲೂರಿ, ಚಾಕುವಿನಿಂದ ಸಾಲಿನ ಮಣ್ಣು ಪದರ ಪದರವಾಗಿ ಕೆರೆಯುತ್ತಾನೆ. ಔಷಧಿ ಲೇಪಿಸಿದ ನೀಲಿ ಕಾಳೊಂದು ಸಿಗುವವರೆಗೆ ಕೆರೆದು, ಅಳತೆಪಟ್ಟಿ ಇಟ್ಟು ನೋಡುತ್ತಾನೆ. ಮುಂದಿನ ತಾಳು, ರೆಕ್ಕೆಯ ತುದಿಯ ತಾಳು, ಟೈರಿನ ಜಾಡಿನಲ್ಲಿ ಬಂದ ತಾಳು. ಕೋಟಿಗಟ್ಟಲೆ ಬೆಲೆಯ ಯಂತ್ರದ ಹಿಂದೆ ನಾಲ್ಕು ಕಾಲಲ್ಲಿ ತೆವಳುವ ಹವ್ಯಕರ ಮಾಣಿ!

ಭಾವ ಈಗ ದಾರಿಗೆ ಬಂದ. ಬರುವ ವಾರ ಮುಂಡಗೋಡದ ಬದಿಯ ಮಾವನ ಮನೆಯಲ್ಲಿ ಭತ್ತದ ಬಿತ್ತನೆ. ಬಾಡಿಗೆಗೆ ಒಂಬತ್ತು ತಾಳಿನ ಟ್ರ್ಯಾಕ್ಟರ್ ಕೂರಿಗೆ ಬರುತ್ತದೆ, ಬಂದವನು ಲಿವರನ್ನು ಎಲ್ಲಿಗೋ ದೂಡಿ ಬಿತ್ತಿ ಹೋಗುತ್ತಾನೆ, ಕೊನೆಗೆ ಬೀಜ ಸಾಲುವುದಿಲ್ಲ ಇಲ್ಲವೇ ಚೀಲ ಉಳಿಯುತ್ತದೆ. ಇಬ್ಬರೂ ಬೇಲಿಯ ಆಚೆ ಈಚೆ ಲೆಕ್ಕ ಹಾಕಿದೆವು. ತಾಳಿಂದ ತಾಳಿಗೆ 20 ಸೆಂಟಿಮೀಟರ್, ಒಂಬತ್ತಕ್ಕೆ 1.8 ಮೀಟರ್ ಅಗಲ. ಕೂರಿಗೆ ಚಕ್ರದ ಸುತ್ತಳತೆ ಒಂದೂವರೆ ಮೀಟರ್ ಅಂದುಕೊಂಡರೆ 30 ಸುತ್ತಿಗೆ ಎಕರೆಯ ಐವತ್ತರಲ್ಲಿ ಒಂದು ಪಾಲು ನೆಲ. ಎಕರೆಗೆ 30 ಕಿಲೋ ಬೇಕೆಂದರೆ ಚಕ್ರ ಎತ್ತಿ ಕೈಯಲ್ಲೇ 30 ಸುತ್ತು ತಿರುಗಿಸಿದಾಗ ಕೆಳಗೆ ಹಿಡಿದ ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ ಒಟ್ಟು 600 ಗ್ರಾಂ ಬೀಳಬೇಕು. ಒಂಬತ್ತನ್ನೂ ಬೇರೆ ಬೇರೆ ತೂಗಿದರೆ ಕಳ್ಳ ಕೊಳವೆ ಯಾವುದೆಂದು ಅಲ್ಲೇ ಸಿಕ್ಕಿಬೀಳುತ್ತದೆ.

"ಡ್ರೈವರಂಗೆ ಅಷ್ಟೊತ್ತು ತಾಳ್ಮೆ ಇರ್ತನಾ?"

"ಮೊದ್ಲು ಎರಡು ಲೋಟ ಚಾ ಕೊಡು, ಆಮೇಲೆ ಚಕ್ರ ಎತ್ತು."

ಅತ್ತಿಗೆಯ ಅಡುಗೆಮನೆಯ ತಕ್ಕಡಿ ಕೇಳಿದ. ಸಿಗಲಿಲ್ಲ. ಕೊನೆಗೆ ನಮ್ಮನೆಯ ತೂಕದ ಮಷೀನೇ ಆಗಬೇಕಂತೆ. ಬ್ಯಾಟರಿ ಅವನೇ ಹಾಕಿಸಿಕೊಳ್ಳಬೇಕು, ಬರುವಾಗ ಮಾವನ ಮನೆಯ ಮಾವಿನಹಣ್ಣು ತರಬೇಕು ಅಂತ ಷರತ್ತು ಹಾಕಿ ಉಣಗೋಲು ಸರಿಸಿದೆ.